ನೆನೆದ ಸೌತೆಬೀಜ

ಮಂಗಳವಾರ, ಬೆಳಗಿನ ತಿಂಡಿಯ ಹೊತ್ತು
ನಿನ್ನ ಮಾವನ ಬೀಜದ ಗೋದಾಮು, ಒಳಗಡೆಯಿಂದ

ಪ್ರೀತಿಯ ಮೊಂಡಿಗೆ,

ಕ್ಷೇಮ ಸಮಾಚಾರದಿಂದ ಶುರು ಮಾಡೋಣವೆಂದರೆ, ಬರೆಯುವಂಥ ಕ್ಷೇಮ ಸದ್ಯಕ್ಕೆ ನನ್ನ ಹತ್ತಿರ ಇಲ್ಲ. ನಿನ್ನೆ ಸಂಜೆಯಿಂದ ಗೋದಾಮಿನ ಶಟರನ್ನು ಒಳಗಿನಿಂದ ಎಳೆದು, ಬೀಗ ಜಡಿದುಕೊಂಡು ಕೂತಿದ್ದೇನೆ. ಬೀಗದ ಕೈ ನನ್ನ ಹತ್ತಿರವೇ ಇದೆ. ಹೊರಗೆ ನಿನ್ನ ಸೋದರಮಾವ, ಅಂದರೆ ನನ್ನ ಒಡಹುಟ್ಟಿದ ತಮ್ಮ, ಒಮ್ಮೆ ಬೈಯುತ್ತಾನೆ, ಒಮ್ಮೆ ಗೋಗರೆಯುತ್ತಾನೆ, ಒಮ್ಮೆ ಶಟರಿಗೆ ಒದೆಯುತ್ತಾನೆ. ಒದ್ದ ಮೇಲೆ ಅಯ್ಯೋ ಅಂತ ಕುಂಟುವುದು ಕೇಳಿಸುತ್ತದೆ. ಅವಸರದಲ್ಲಿ ಚಪ್ಪಲಿ ಮೆಟ್ಟಿಕೊಳ್ಳದೆ ಬಂದಿದ್ದಾನೆ ಅಂತ ಕಾಣುತ್ತದೆ.

ಫೋನ್ ಮಾಡಬಹುದಿತ್ತಲ್ಲ ಅಂತ ಕೇಳಬೇಡ. ಫೋನು ಬೀಜ ನೆನೆಹಾಕುವ ಡ್ರಮ್ಮಿನೊಳಗೆ ಬಿತ್ತು. ಅದಕ್ಕೂ ಬೀಜೋಪಚಾರ ಆಗಿದೆ, ಮೊಳಕೆ ಬಂದರೆ ತಿಳಿಸುತ್ತೇನೆ. ಅದಕ್ಕೇ ಈ ಕಾಗದ. ಬರೆಯಲು ಸಿಕ್ಕಿದ್ದು ನಿನ್ನ ಮಾವ ಹೊಸದಾಗಿ ಅಚ್ಚು ಹಾಕಿಸಿದ ಲೇಬಲ್ಲುಗಳು, ಹಿಂಬದಿ ಖಾಲಿ ಇದೆ. ಮುಂಬದಿಯಲ್ಲಿರುವ ಸೌತೆಕಾಯಿ ನೋಡು, ನನ್ನ ತೋಳಿಗಿಂತ ಉದ್ದ. ಅಂಥದ್ದನ್ನು ನಾನು ಜನ್ಮದಲ್ಲಿ ಬೆಳೆದಿಲ್ಲ. ನಿನ್ನ ಅತ್ತೆ, ಇವನ ಹೆಂಡತಿ, ಈ ಕಾಗದವನ್ನು ಕಿಟಕಿಯ ಸರಳಿನಿಂದ ಇಸಿದುಕೊಂಡು, ಮಧ್ಯಾಹ್ನದ ಬಸ್ಸು ಹಿಡಿದು, ನಿನ್ನ ಕೈಗೇ ತಂದುಕೊಡುತ್ತಾಳೆ. ಗಂಡನ ಕಣ್ಣು ತಪ್ಪಿಸಿ ಬರುತ್ತಾಳೆ, ಪಾಪ. ಅವಳಿಗೆ ಮೊದಲು ಊಟ ಹಾಕು.

ವಿಷಯಕ್ಕೆ ಬರುತ್ತೇನೆ. ನಿನ್ನ ಪರೀಕ್ಷಾ ಕಚೇರಿಯ ಮೇಜಿನ ಮೇಲೆ ಈಗ ಒಂದು ಸೌತೆಬೀಜದ ಮಾದರಿ ಇದೆ. ಹೆಸರಿಲ್ಲ, ಬರೀ ನಂಬರು. ಅದರ ಮೊಳಕೆ ಪರೀಕ್ಷೆ ನಾಳೆ ಮುಗಿಯುತ್ತದೆ, ನಾಳೆಯೇ ನೀನು ಸಹಿ ಹಾಕಬೇಕು. ಆ ಬೀಜ ನನ್ನದು, ನಾನು ಬೆಳೆದು ನಿನ್ನ ಮಾವ ಮಾರುವುದು. ಅದು ನನ್ನದು ಅಂತ ನಿನಗೆ ಗೊತ್ತು. ನಿನಗೆ ಗೊತ್ತಿದೆ ಅನ್ನುವುದು ನನಗೆ ನಿನ್ನೆ ತಿಳಿಯಿತು. ಪಾಸು ಅಂತ ಬರೆದು ನೀನು ಅದಕ್ಕೆ ಸಹಿ ಹಾಕಕೂಡದು. ಹೇಳಬೇಕಾದದ್ದು ಇಷ್ಟೇ. ಆದರೆ ನೀನು ಮೊಂಡಿ, ಕಾರಣ ಹೇಳದೆ ಮಾತು ಕೇಳುವವಳಲ್ಲ, ಅದಕ್ಕೇ ಪೂರ್ತಿ ಬರೆಯುತ್ತೇನೆ.

ಮೊದಲ ಸಲ ಇದೇ ಬೀಜ ನಿನ್ನ ಮೇಜಿಗೆ ಬಂದಾಗ ಅದು ಯಾರದ್ದೆಂದು ನಿನಗೆ ಗೊತ್ತಿರಲಿಲ್ಲ. ಫೇಲು ಅಂತ ಬರೆದೆ. ಆಮೇಲೆ ತಿಳಿದು, ಅಳುತ್ತಾ ಫೋನ್ ಮಾಡಿದೆ. ನಾನು ಎತ್ತಲಿಲ್ಲ. ಅಲ್ಲಿಂದ ಇಲ್ಲಿಯವರೆಗೆ ನೀನು ಫೋನ್ ಮಾಡಿದಾಗಲೆಲ್ಲ ರಿಂಗು ನಿಲ್ಲುವ ತನಕ ಅದನ್ನೇ ನೋಡುತ್ತಾ ಕೂತಿದ್ದೇನೆ. ತಪ್ಪು ನಿನ್ನದಲ್ಲ. ಇದೇ ಗೋದಾಮಿನ ತಗಡು ಸೋರಿ, ಮೂಟೆಗಳ ತಳ ತೇವವಾಗಿ, ಬೀಜ ಬೆವೆತು ಸೊರಗಿತ್ತು. ಅರ್ಧಕ್ಕರ್ಧವೂ ಮೊಳೆಯಲಿಲ್ಲ. ಎಲ್ಲ ಗೊತ್ತಿದ್ದರೂ ಹೊಟ್ಟೆ ಉರಿಯಿತು ಕಣೇ. ಬೀಜದ ಡಬ್ಬಿಗಳ ನಡುವೆ ಅಂಬೆಗಾಲಿಟ್ಟವಳು ಅಮ್ಮನ ಬೀಜವನ್ನೇ ಆಗಲ್ಲ ಅಂದುಬಿಟ್ಟಳಲ್ಲ ಅಂತ. ಆದರೆ ಆ ಉರಿಯ ಜೊತೆಗೆ ಒಂದು ಹೆಮ್ಮೆಯೂ ಇತ್ತು. ನನ್ನದೆಂದು ಗೊತ್ತಿದ್ದರೂ ಇವಳು ಇದನ್ನೇ ಬರೆಯುತ್ತಿದ್ದಳು ಅಂದುಕೊಂಡಿದ್ದೆ. ಅದನ್ನು ಯಾರಿಗೂ ಹೇಳಿರಲಿಲ್ಲ.

ಆಮೇಲೆ ನಿನ್ನ ಮಾವ ಬಂದ. "ಅಕ್ಕಾ, ನಿನ್ನ ಕೈಗುಣ ಒಂದ್ಸಲ ತೋರಿಸ್ಬಿಡು, ಬೀಜ ಎದ್ದು ಕೂರುತ್ತೆ" ಅಂದ. ಹೊಗಳಿದರೆ ನಾನು ಉಬ್ಬಿಹೋಗುತ್ತೇನೆ ಅಂತ ಅವನಿಗೆ ಚೆನ್ನಾಗಿ ಗೊತ್ತು. ಉಬ್ಬಿಹೋದೆ. ನೀರನ್ನು ಮೊಣಕೈಗೆ ಹಿತವಾಗುವಷ್ಟು ಬೆಚ್ಚಗೆ ಮಾಡಿದೆ. "ಬೀಜಕ್ಕೂ ಉಸಿರು ಬೇಕಮ್ಮಾ" ಅಂತ ನೀನು ತಂದುಕೊಟ್ಟಿದ್ದೆಯಲ್ಲ, ಮೀನಿನ ತೊಟ್ಟಿಗೆ ಗಾಳಿ ಊದುವ ಮೋಟರು, ಅದನ್ನೇ ಡ್ರಮ್ಮಿಗೆ ಬಿಟ್ಟೆ. ಬೀಜ ಕುಡಿಯುವಷ್ಟು ಕುಡಿಯಿತು. ಬೇರಿನ ತುದಿ ಸಿಪ್ಪೆ ಒಡೆಯುವ ಮುಂಚೆ ಬಸಿದು, ನೆರಳಿನಲ್ಲಿ ಬಟ್ಟೆಯ ಮೇಲೆ ಹರಡಿ, ಉಗುರಲ್ಲಿ ಒತ್ತಿದರೆ ಟಕ್ ಅನ್ನುವ ತನಕ ಒಣಗಿಸಿದೆ. ಇದಕ್ಕೆ ನೀನು ಇಂಗ್ಲಿಷಿನಲ್ಲಿ ಏನೋ ಒಂದು ಹೆಸರು ಹೇಳುತ್ತೀಯ. ನಾನು ಎಬ್ಬಿಸಿ ಮಲಗಿಸುವುದು ಅನ್ನುತ್ತೇನೆ.

ಎಬ್ಬಿಸಿ ಮಲಗಿಸಿದ ಬೀಜದ ನಿದ್ದೆ ಹಗುರ. ತಕ್ಷಣ ಬಿತ್ತಿದರೆ ಅಷ್ಟೂ ಒಂದೇ ಸಲ ಎದ್ದು ಬರುತ್ತದೆ, ಸಸಿ ಗಟ್ಟಿಯಾಗಿರುತ್ತದೆ. ಪೊಟ್ಟಣದಲ್ಲಿಟ್ಟು ಕಾಯಿಸಿದರೆ ಒಳಗೊಳಗೇ ಸಾಯುತ್ತದೆ, ಮೇಲೆ ನೋಡಿದರೆ ಏನೂ ತಿಳಿಯುವುದಿಲ್ಲ. ಮೊದಲೇ ಸೊರಗಿದ ಬೀಜವಾದರಂತೂ ಕೇಳುವುದೇ ಬೇಡ. ಇದನ್ನು ನಿನಗೆ ನಾನು ಹೇಳಿಕೊಡಬೇಕಾಗಿಲ್ಲ, ನನಗೆ ಇದರ ಕಾರಣ ಬಿಡಿಸಿ ಹೇಳಿದವಳೇ ನೀನು. ಅದಕ್ಕೇ ನಾನು ಇಷ್ಟು ವರ್ಷ ಸಸಿ ಮಾಡುವವರ ಬೀಜಕ್ಕೆ ಮಾತ್ರ ಈ ಕೆಲಸ ಮಾಡಿಕೊಟ್ಟಿದ್ದು. ಅವರು ಒಯ್ದ ವಾರವೇ ಬಿತ್ತುತ್ತಾರೆ.

ಇದನ್ನು ಯಾವಾಗ ಮಾರುತ್ತೀಯ ಅಂತ ತಮ್ಮನನ್ನು ಕೇಳಬೇಕಿತ್ತು. ಕೇಳಲಿಲ್ಲ. ಈ ವಾರವೇ ಸಸಿಯವರಿಗೆ ಕೊಡುತ್ತಾನೆ ಅಂತ ನನಗೆ ನಾನೇ ಹೇಳಿಕೊಂಡೆ. ಕೇಳುವುದಕ್ಕಿಂತ ಹಾಗೆ ಹೇಳಿಕೊಳ್ಳುವುದು ಸುಲಭವಾಗಿತ್ತು.

ನಿನ್ನೆ ಮಧ್ಯಾಹ್ನ ಇವನು ಮುಖ ಅರಳಿಸಿಕೊಂಡು ಬಂದು, "ಅಕ್ಕಾ, ನಿನ್ ಮಗಳು ಫೋನ್ ಮಾಡಿದ್ಳು. ಈ ಸಲ ಅಮ್ಮಂಗೆ ಚಿಂತೆ ಮಾಡ್ಬೇಡ ಅಂತ ಹೇಳಿ ಮಾವ, ನಾನು ನೋಡ್ಕೋತೀನಿ ಅಂದ್ಳು" ಅಂದ. ನನ್ನ ಕೈಯಲ್ಲಿ ಚಹಾದ ಲೋಟ ಇತ್ತು. ನಾನು ನೋಡ್ಕೋತೀನಿ. ಆ ಮಾತು ಕೇಳಿ ಲೋಟ ಕೆಳಗಿಟ್ಟೆ. ನಿನ್ನ ಪರೀಕ್ಷೆಯ ತಟ್ಟೆಯ ಒದ್ದೆ ಕಾಗದದ ಮೇಲೆ ಬೀಜಗಳು ಶಾಲೆ ಬಿಟ್ಟ ಮಕ್ಕಳ ಹಾಗೆ ಒಟ್ಟೊಟ್ಟಿಗೆ ಹೊರಗೆ ನುಗ್ಗಿದ್ದನ್ನು ನೋಡಿದ ಕೂಡಲೇ ನಿನಗೆ ಗೊತ್ತಾಗಿದೆ, ಇದು ಅಮ್ಮನ ಕೈ ಅಂತ. ನೆನೆಸಿ ಒಣಗಿಸಿದ ಬೀಜವಾದರೆ ಹಾಗಂತ ಹೇಳಿ ಕಳಿಸಬೇಕು, ಇದನ್ನು ಹೇಳದೆ ಕಳಿಸಿದ್ದಾರೆ ಅಂತಲೂ ಗೊತ್ತಾಗಿದೆ. ಗೊತ್ತಾಗಿಯೂ ನೋಡಿಕೊಳ್ಳುತ್ತೇನೆ ಅಂದೆ.

ಹೊಗೆಯಾಡುವ ಕೋಪ ಬಂತು, ನಿನ್ನ ಮೇಲಲ್ಲ. ಫೋನ್ ಎತ್ತದೆ ಎತ್ತದೆ ನಿನ್ನನ್ನು ಈ ಮಟ್ಟಕ್ಕೆ ತಂದವಳು ನಾನೇ ಅಂತ ಅನ್ನಿಸಿತು.

ಆಗಲಾದರೂ ಕೇಳಿದೆ, ಪೊಟ್ಟಣ ಯಾವಾಗ ಹೊರಗೆ ಹೋಗುತ್ತೆ ಅಂತ. "ಹಂಗಾಮು ಶುರುವಾಗ್ಬೇಕಲ್ಲಕ್ಕ. ಇನ್ನೂ ಮೂರ್ನಾಲ್ಕು ತಿಂಗ್ಳು ಇಲ್ಲೇ ಇರ್ಲಿ ಬಿಡು" ಅಂದ. ಅಷ್ಟರಲ್ಲಿ ಇದರಲ್ಲಿ ಜೀವ ಉಳಿಯುವುದಿಲ್ಲ ಕಣೋ ಅಂದೆ. ಅವನಿಗೂ ಅದು ಗೊತ್ತಿತ್ತು. ಗೊತ್ತಿದ್ದೇ ಮಾಡಿದ್ದ. "ಬೀಜ ಅಂದ್ಮೇಲೆ ಸ್ವಲ್ಪ ಹುಟ್ಟುತ್ತೆ, ಸ್ವಲ್ಪ ಸಾಯುತ್ತೆ. ಕೊಂಡವರು ನಮ್ಮನ್ನ ಯಾಕೆ ಬೈತಾರೆ? ನೀರು ಹೆಚ್ಚಾಯ್ತೇನೋ, ಗೊಬ್ಬರ ಕಮ್ಮಿಯಾಯ್ತೇನೋ ಅಂದ್ಕೋತಾರೆ" ಅಂದ.

ಈ ಕೊನೆಯ ಮಾತು ನಿಜ. ನಿಜವಾದ್ದರಿಂದಲೇ ಅದು ಕಿವಿಯಲ್ಲಿ ಕಾದ ಎಣ್ಣೆ ಹುಯ್ದ ಹಾಗಾಯಿತು. ಹಳದಿ ಗೇಟಿನ ಮನೆಯ ತರಕಾರಿಯವಳು ನಿನಗೆ ನೆನಪಿರಬೇಕು, ನಿನ್ನನ್ನು ಕಂಡಾಗಲೆಲ್ಲ ಕೆನ್ನೆ ಹಿಂಡುತ್ತಿದ್ದವಳು. ಹೋದ ಸಲ ಬೇರೆ ಯಾವುದೋ ಅಂಗಡಿಯ ಸತ್ತ ಬೀಜ ಹಾಕಿ, ಬರೀ ಮಣ್ಣಿಗೆ ದಿನಾ ನೀರು ಹೊತ್ತು ಹಾಕುತ್ತಿದ್ದಳು. ನಾನು ನೋಡಲು ಹೋದಾಗ, "ನನ್ ಕೈಯಲ್ಲೇ ಏನೋ ದೋಷ ಇರ್ಬೇಕಕ್ಕ" ಅಂದಳು. ಆ ಹಂಗಾಮು ಪೂರ್ತಿ ಆ ಮಡಿಗಳು ಬೋಳಾಗಿಯೇ ಇದ್ದವು. ಈ ಸಲ ಅವಳು ನಿನ್ನ ಮಾವನ ಅಂಗಡಿಗೇ ಬರುತ್ತಾಳೆ, ಯಾಕೆಂದರೆ ಇಲ್ಲಿ ನನ್ನ ಬೀಜ ಸಿಗುತ್ತದೆ.

ತಮ್ಮನ ಹತ್ತಿರ ಜಗಳ ಮಾಡಲಿಲ್ಲ. ಬೀಜ ಒಂದ್ಸಲ ಮಗುಚಬೇಕು, ಬೀಗದ ಕೈ ಕೊಡು ಅಂದೆ. ಕೊಟ್ಟ. ಒಳಗೆ ಬಂದು ಶಟರ್ ಎಳೆದೆ. ಕೈ ತೊಳೆಯುವ ನಲ್ಲಿಗೆ ಪೈಪು ಸಿಕ್ಕಿಸಿ, ಇದ್ದಬದ್ದ ಗೋಣಿಚೀಲಗಳನ್ನೆಲ್ಲ ತೋಯಿಸಿ ನೆಲಕ್ಕೆ ಹಾಸಿದೆ. ಮೂಟೆಗಳನ್ನು ಒಂದೊಂದಾಗಿ ಡ್ರಮ್ಮಿಗೆ ಸುರಿದು, ನೆನೆಸಿ, ಬಸಿದು, ಗೋಣಿಯ ಮೇಲೆ ಹರಡಿ, ಮೇಲೆ ಇನ್ನೊಂದು ಒದ್ದೆ ಗೋಣಿ ಹೊದಿಸಿದೆ. ಸೊಂಟ ಬಿದ್ದುಹೋಯಿತು. ಈಗ ಗೋದಾಮಿನ ಈ ತುದಿಯಿಂದ ಆ ತುದಿಯವರೆಗೆ, ತಕ್ಕಡಿಯ ಬುಡದಲ್ಲಿ, ಪೊಟ್ಟಣದ ಬಾಯಿ ಅಂಟಿಸುವ ಯಂತ್ರದ ಕೆಳಗೆ, ಎಲ್ಲೆಲ್ಲೂ ನೆನೆದ ಬೀಜ. ನಾನು ಮುರುಕು ಸ್ಟೂಲಿನ ಮೇಲೆ ಕಾಲು ಮಡಚಿಕೊಂಡು ಕೂತು ಬರೆಯುತ್ತಿದ್ದೇನೆ.

ನೀನು ನಗುತ್ತೀಯೋ ಅಳುತ್ತೀಯೋ ಗೊತ್ತಿಲ್ಲ. ಆದರೆ ನನ್ನ ಲೆಕ್ಕಾಚಾರ ಏನೆಂದು ನಿನಗೆ ಅರ್ಥವಾಗಿರಬೇಕು. ಬೇರು ಹೊರಗೆ ಬರುವ ತನಕ ಬೀಜವನ್ನು ಇನ್ನೊಮ್ಮೆ ಒಣಗಿಸಿ ಪೊಟ್ಟಣಕ್ಕೆ ತುಂಬಬಹುದು. ಬೇರು ಒಂದು ಸಲ ಹೊರಗೆ ಬಂತೋ, ಒಣಗಿಸಿದರೆ ಅಲ್ಲೇ ಸಾಯುತ್ತದೆ. ಆಮೇಲೆ ಇರುವುದು ಒಂದೇ ದಾರಿ, ಮಣ್ಣು. ತಟ್ಟೆಗಳಲ್ಲಿ ಬಿತ್ತಿ ಸಸಿ ಮಾಡಿ ಮಾರಬೇಕು. ಎದ್ದಷ್ಟು ಸಸಿ ಕಣ್ಣಿಗೆ ಕಾಣುತ್ತದೆ, ಏಳದ್ದನ್ನು ಯಾರಿಗೂ ಕೊಡಲಾಗುವುದಿಲ್ಲ. ಹಾಗಾಗಿ ನಾನು ಕಾಯಬೇಕಾದದ್ದು ಬೇರು ಬರುವ ತನಕ. ನಿನ್ನ ಮಾವನಿಗೂ ಇದೇ ಲೆಕ್ಕ ಗೊತ್ತು. ಬೆಳಗ್ಗೆ ಬಂದವನೇ ನೀರಿನ ಸದ್ದು ಕೇಳಿ, ಕಿಟಕಿಯಲ್ಲಿ ಇಣುಕಿ, ಬಿಳುಚಿಕೊಂಡ. ಆಮೇಲೆ ಎಲ್ಲಿಂದಲೋ ಎರಡು ದೊಡ್ಡ ಫ್ಯಾನು ತರಿಸಿ ಜಗಲಿಯ ಮೇಲೆ ಸಾಲಾಗಿ ನಿಲ್ಲಿಸಿಕೊಂಡಿದ್ದಾನೆ. ಒಳಗೆ ಬಂದರೆ ಸಾಕು, ಸಂಜೆಯೊಳಗೆ ಅಷ್ಟನ್ನೂ ಒಣಗಿಸುತ್ತಾನೆ.

ಈಗ ಬೀಗ ಒಡೆಯುವವನು ಬಂದ ಹಾಗಿದೆ. ಯಂತ್ರದ ಸದ್ದು. ಸ್ವಲ್ಪ ತಡೆ.

ಮುಂದುವರಿಸುತ್ತೇನೆ. ಅಕ್ಷರ ಸೊಟ್ಟಗಾದರೆ ಬೈಯಬೇಡ. ಬೀಗದವನು ಶಟರಿನ ಕೆಳಗಿನ ಪಟ್ಟಿ ಕೊಯ್ಯಲು ಶುರು ಮಾಡಿದ. ಕಿಡಿಗಳು ಸಂದಿಯಿಂದ ಒಳಗೆ ಹಾರಿ ಬಂದು ಒದ್ದೆ ಗೋಣಿಯ ಮೇಲೆ ಚುಸ್ ಅನ್ನುತ್ತಿದ್ದವು. ನನಗೆ ನಿಜವಾಗಿಯೂ ಭಯವಾಯಿತು. ಶಟರ್ ಎತ್ತಿದರೆ ನಾನೊಬ್ಬಳು ಏನು ಮಾಡಲಿ? ಬೀಜದ ಮೇಲೆ ಅಡ್ಡ ಮಲಗಲೇ? ಹೊರಗೆ ನಿನ್ನ ಅತ್ತೆ ಗಂಡನ ಮೇಲೆ ರೇಗುತ್ತಿದ್ದದ್ದು ಕೇಳಿಸುತ್ತಿತ್ತು. "ಒಳಗೆ ನಿಮ್ಮಕ್ಕ ಇದಾರೆ ಕಣ್ರೀ, ಕಳ್ಳರಲ್ಲ" ಅಂತ ಅವಳು. "ಕಳ್ಳರಾಗಿದ್ರೆ ಹೊತ್ಕೊಂಡಾದ್ರೂ ಹೋಗ್ತಿದ್ರು, ಇವ್ಳು ಎಲ್ಲಾ ಹಾಳು ಮಾಡ್ತಾವ್ಳೆ" ಅಂತ ಅವನು.

ಆಗ ನಾನು ಎದ್ದು ಕಿಟಕಿಯ ಹತ್ತಿರ ಹೋದೆ. ತಮ್ಮನನ್ನು ಚಿಕ್ಕಂದಿನ ಹೆಸರು ಹಿಡಿದು ಕೂಗಿದೆ. ಯಂತ್ರ ನಿಂತಿತು. ಸರಳಿನ ಸಂದಿಯಿಂದ ಅಂಗೈ ಚಾಚಿ ತೋರಿಸಿದೆ. ಒಂದು ಹಿಡಿ ಸೌತೆಬೀಜ, ಪ್ರತಿಯೊಂದರ ಮೂತಿಯಲ್ಲೂ ಬಿಳಿ ಬೇರು. "ಬಂದ್ಬಿಡ್ತು ಕಣೋ. ಇನ್ನು ಒಣಗಿಸಿ ಏನೂ ಪ್ರಯೋಜನ ಇಲ್ಲ" ಅಂದೆ.

ಅವನು ಒಂದು ಬೀಜ ಎತ್ತಿಕೊಂಡು, ಬೆರಳಲ್ಲಿ ತಿರುಗಿಸಿ ತಿರುಗಿಸಿ ನೋಡಿದ. ಬೈಯುತ್ತಾನೆ ಅಂದುಕೊಂಡೆ. ಬೈಯಲಿಲ್ಲ. ಜಗಲಿಯ ಮೇಲೆ ಫ್ಯಾನುಗಳ ಪಕ್ಕದಲ್ಲಿ ಕುಸಿದು ಕೂತ. "ನೀನೇ ಹಿಂಗೆ ಮಾಡಿದ್ಯಲ್ಲಕ್ಕ" ಅಂದ, ಅಷ್ಟೇ. ಚಿಕ್ಕವನಿದ್ದಾಗ ಗಾಳಿಪಟ ಹರಿದರೆ ಹೀಗೇ ಕೂರುತ್ತಿದ್ದ. ಅವನು ಕೆಟ್ಟವನಲ್ಲ ಮೊಂಡಿ. ಅಂಗಡಿಯ ಕಪಾಟು ಖಾಲಿ ಕಂಡರೆ ಅವನಿಗೆ ದಿಗಿಲು, ಆ ದಿಗಿಲಿನಲ್ಲಿ ಯಾವುದು ಸರಿ ಅನ್ನುವುದು ಮಸುಕಾಗುತ್ತದೆ. ಅವನನ್ನು ನೀನು ದ್ವೇಷಿಸಬೇಡ. ಬೇಕಾದರೆ ಒಂದು ವರ್ಷ ಮಾತು ಬಿಡು. ಮಾತು ಬಿಡುವುದು ಹೇಗೆಂದು ನನ್ನನ್ನು ನೋಡಿ ಕಲಿತಿದ್ದೀಯಲ್ಲ.

ಕೊನೆಗೆ ಅವನೇ ಎದ್ದು, ಬೀಗದವನನ್ನು ಕಳಿಸಿದ. "ತಟ್ಟೆ ಎಷ್ಟು ಬೇಕಾಗುತ್ತೆ?" ಅಂತ ಕಿಟಕಿಯತ್ತ ನೋಡದೆಯೇ ಕೇಳಿದ. ಸಿಕ್ಕಷ್ಟೂ ತಾ, ತೆಂಗಿನ ನಾರಿನ ಪುಡಿಯನ್ನೂ ಗೊಬ್ಬರವನ್ನೂ ತಾ ಅಂದೆ. ಗಾಡಿ ಹತ್ತಿ ಹೋಗಿದ್ದಾನೆ. ಬರಲು ಸಂಜೆಯಾದೀತು. ಮೂರು ನಾಲ್ಕು ಸಸಿತೋಟದವರನ್ನು ಸುತ್ತಿ ಬರಬೇಕು.

ಈಗ ನಿನ್ನ ಕೆಲಸ. ನಾಳೆ ಬೆಳಗ್ಗೆ ಆ ಮಾದರಿಯ ವರದಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆ. ಇದು ಮೊದಲೇ ನೆನೆಸಿ ಒಣಗಿಸಿದ ಬೀಜ, ಹೇಳದೆ ಕಳಿಸಿದ್ದಾರೆ, ಇಟ್ಟರೆ ಬಾಳುವುದಿಲ್ಲ ಅಂತ. ನಿನ್ನ ಮೇಲಿನವರು ಬೀಜ ಯಾರದ್ದು ಅಂತ ಕೇಳಿದರೆ ನನ್ನ ಹೆಸರು ಹೇಳು. ಬೀಜ ಬೆಳೆಯುವ ಪರವಾನಗಿ ಕಿತ್ತುಕೊಳ್ಳಬಹುದು. ಕಿತ್ತುಕೊಳ್ಳಲಿ. ಸಸಿ ಮಾಡಿಕೊಂಡಿರುತ್ತೇನೆ, ಅದಕ್ಕೆ ನನ್ನ ಕೈಗುಣ ಸಾಕು. ಬೀಜ ಹೇಗಿದ್ದರೂ ನೆನೆದುಹೋಯಿತಲ್ಲ, ಸಹಿ ಹಾಕಿದರೆ ಯಾರಿಗೇನು ನಷ್ಟ ಅಂತ ನಿನಗೆ ಅನ್ನಿಸಬಹುದು. ನಷ್ಟ ನಿನಗೆ. ಒಂದು ಸಲ ನನಗೋಸ್ಕರ ಕಣ್ಣು ಮುಚ್ಚಿದರೆ ಮುಂದಿನ ಸಲ ಮಾವನಿಗೋಸ್ಕರ, ಅದರ ಮುಂದಿನ ಸಲ ಸಾಹೇಬರಿಗೋಸ್ಕರ ಮುಚ್ಚಬೇಕಾಗುತ್ತದೆ. ಆಮೇಲೆ ನಿನ್ನ ಸಹಿ ನೋಡಿ ಬೀಜ ಕೊಳ್ಳುವವರು ಯಾರನ್ನು ನಂಬಬೇಕು?

ನಿನ್ನ ಮೇಲಿನ ಕೋಪ ಇಳಿದಿದೆ. ಇಳಿದು ಬಹಳ ದಿನವಾಗಿತ್ತು, ಬಿಗುಮಾನ ಮಾತ್ರ ಇಳಿದಿರಲಿಲ್ಲ. ಫೋನು ಒಣಗಿದರೆ ನಾನೇ ಮಾಡುತ್ತೇನೆ. ಒಣಗದಿದ್ದರೆ ನೀನೇ ಬಾ. ತಟ್ಟೆ ತುಂಬಲು ಕೈ ಸಾಲದು. ಬಂದರೆ ಹಳೇ ಬಟ್ಟೆ ತಾ, ಕಚೇರಿಯ ಬಟ್ಟೆಯಲ್ಲಿ ಬಂದು ಮಣ್ಣಾಯಿತು ಅಂತ ರಾಗ ಎಳೆಯಬೇಡ.

ನಿನ್ನ ಅತ್ತೆ ಕಿಟಕಿಯ ಹತ್ತಿರ ಬಂದು, ಬಸ್ಸಿಗೆ ಹೊತ್ತಾಯಿತು ಅನ್ನುತ್ತಿದ್ದಾಳೆ. ಎರಡು ಬಾಳೆಹಣ್ಣು ಕೊಟ್ಟಿದ್ದಾಳೆ. ತಿನ್ನುತ್ತೇನೆ.

ನಿನ್ನನ್ನು ಹೆತ್ತು, ಬೈದು, ಮಾತು ಬಿಟ್ಟು, ಈಗ ಕಾಯುತ್ತಿರುವ
ಅಮ್ಮ

ತಾ.ಕ.: ನಿನಗೆ ಮಾತ್ರ ಹೇಳುತ್ತೇನೆ, ಅತ್ತೆಗೆ ಓದಿ ಹೇಳಬೇಡ. ಕಿಟಕಿಯಲ್ಲಿ ತೋರಿಸಿದ ಮೊಳಕೆ ನೆಲದ ಮೇಲಿನ ಬೀಜದ್ದಲ್ಲ. ನಿನ್ನೆ ಎಲ್ಲಕ್ಕಿಂತ ಮೊದಲು ನೆನೆಸಿದ ಒಂದು ಹಿಡಿಯನ್ನು ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೆ. ಮೈಬಿಸಿಗೆ ಅವು ಬೇಗ ಎದ್ದವು. ಸಿಮೆಂಟಿನ ನೆಲ ಮಂಜಿನಂತೆ ತಣ್ಣಗಿದೆ, ಅಲ್ಲಿ ಇನ್ನೂ ಒಂದೇ ಒಂದು ಬೀಜ ಬಾಯಿ ಬಿಟ್ಟಿಲ್ಲ. ಅವನು ಬೇಗ ವಾಪಸಾಗಿ ಗೋಣಿ ಎತ್ತಿ ನೋಡಿದರೆ ನನ್ನ ಕಥೆ ಮುಗಿಯಿತು. ಸಂಜೆಯೊಳಗೆ ಬಿಡುತ್ತವೆ, ಬಿಡಲೇಬೇಕು. ತಮ್ಮನ ಮುಖ ನೋಡಿಕೊಂಡು ಇಷ್ಟು ದೊಡ್ಡ ಸುಳ್ಳು ಹೇಳಿದ್ದು ಇದೇ ಮೊದಲು. ಅದನ್ನು ಹೇಳಿದ್ದು ನೀನು ನಾಳೆ ಸುಳ್ಳು ಬರೆಯುವಂತಾಗಬಾರದು ಅಂತ. ನಮ್ಮ ಮನೆಗೆ ಒಬ್ಬಳು ಸುಳ್ಳಿ ಸಾಕು.